ಹುಳುಮನೆಯಲ್ಲಿ ಕಂಪ್ಯೂಟರ್ ಓಡಿದ ಭಾನುವಾರ

ಠಾಣೆಯ ಗೋಡೆಗಳೇ, ಗೋಡೆಗೊರಗಿದ ಕಡತಗಳೇ, ಬೆಂಚಿನ ಮೇಲೆ ಕಾದು ಕುಳಿತ ಮಹಾಜನಗಳೇ, ಕಿವಿಗೊಡಿ. (ಪ್ರಾಸ ಬೇಡ, ವಿಷಯ ಹೇಳಿ ಎಂದು ಬರೆದುಕೊಳ್ಳುವ ಸಾಹೇಬರು ಸೂಚಿಸಿದ್ದಾರೆ.)

ಹೆಸರು ಚನ್ನಕೇಶವ ಬಿನ್ ಲೇಟ್ ಕೆಂಪರಾಜು, ವಯಸ್ಸು 46 ವರ್ಷ, ಬಿ.ಎ., ಕನ್ನಡ ಮಾಧ್ಯಮ, ಕಸುಬು ಮದುವೆ ವಿಡಿಯೊ ಎಡಿಟಿಂಗ್, ವಾಸ ಶಿಡ್ಲಘಟ್ಟ ಟೌನ್. ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವ ಸಂಗತಿ ಹೀಗಿದೆ.

ನನ್ನ ಕಂಪ್ಯೂಟರ್ ಹಳೆಯದು. ಒಂದು ಮದುವೆಯ ವಿಡಿಯೊ ಮುಗಿಸುವಷ್ಟರಲ್ಲಿ ಆ ಹೆಣ್ಣು ಬಾಣಂತನಕ್ಕೆ ಬಂದಿರುತ್ತಾಳೆ. ಆದ್ದರಿಂದ ಪ್ರೊಸೆಸರನ್ನು ಕಂಪನಿ ಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸಲು ತೀರ್ಮಾನಿಸಿದೆ. ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ವೇಗ ಏರಿಸುವುದು ಸುಲಭ, ಏರಿದ್ದು ನಿಲ್ಲುವುದು ದುರ್ಲಭ. ನಿಲ್ಲುತ್ತದೆಯೇ ಎಂದು ತಿಳಿಯಲು ಗಂಟೆಗಟ್ಟಲೆ ಪೂರ್ತಿ ಭಾರ ಹಾಕಿ ಪರೀಕ್ಷಿಸಬೇಕು. ನನ್ನ ಅಂಗಡಿಯದು ಶೀಟಿನ ಚಾವಣಿ. ಅಲ್ಲಿ ಇಪ್ಪತ್ತು ನಿಮಿಷಕ್ಕೇ ಪ್ರೊಸೆಸರ್ 97 ಡಿಗ್ರಿ ಮುಟ್ಟಿ, ನೀಲಿ ಪರದೆ ಬಂದು, ಮಷೀನು ಮಲಗಿತು.

ದಿನಾಂಕ 20-04-2025ರ ಭಾನುವಾರ ಮೇಲೂರಿನ ನನ್ನ ಅಕ್ಕ ರಾಧಾಮಣಿ ಮತ್ತು ಬಾವ ಲಕ್ಷ್ಮಯ್ಯ, ನಗರಗೆರೆಯ ಗೃಹಪ್ರವೇಶಕ್ಕೆ ಹೊರಟಿದ್ದರು. ಅವರ ಹುಳುಮನೆಯಲ್ಲಿ ರೇಷ್ಮೆ ಹುಳುಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುತ್ತಿದ್ದವು. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿತ್ತು. ನೋಡಿಕೊಳ್ಳಲು ನನ್ನನ್ನು ಕರೆದರು. ಕೂಲರ್ ಹಾಕಿ, ಒದ್ದೆ ಗೋಣಿ ತೂಗುಬಿಟ್ಟು, ಹುಳುಮನೆಯನ್ನು ಅವರು 25 ಡಿಗ್ರಿಯಲ್ಲಿ ಇಟ್ಟಿದ್ದರು. ತಾಲ್ಲೂಕಿನಲ್ಲಿ ಅಷ್ಟು ತಂಪು ಜಾಗ ಬೇರೆಲ್ಲಿ ಎಂದು ಕಂಪ್ಯೂಟರನ್ನೂ ಹೊತ್ತು ಹೋದೆ. ಅಕ್ಕ ಬಾಗಿಲಲ್ಲೇ ತಡೆದು, ಏನೋ ಇದು, ನೀನೂ ಕಾಲ್ ತೊಳ್ಕೊ, ನಿನ್ ಪೆಟ್ಟಿಗೇನೂ ಒರೆಸ್ಕೊ, ಹುಳದ ಮನೆ ಕಣೋ ಇದು ಎಂದರು. ಎರಡನ್ನೂ ಮಾಡಿದೆ. 10-15ಕ್ಕೆ ಪರೀಕ್ಷೆ ಹಚ್ಚಿದೆ.

11 ಗಂಟೆ ಸುಮಾರಿಗೆ ಪಕ್ಕದ ಜಮೀನಿನ ಆವುಲಪ್ಪ ಬೆನ್ನ ಮೇಲೆ ಔಷಧಿ ಡಬ್ಬ ಹೊತ್ತು ಬಂದು, ಟಮಾಟೊಗೆ ಹೊಡೀಬೇಕಾಗಿತ್ತು, ನಿಮ್ ಬಾವ ಇಲ್ವೇನಣ್ಣಾ ಎಂದು ಕೇಳಿದ. ಔಷಧಿ ತಾಗಿದ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ, ಆದ್ದರಿಂದ ಹಿಪ್ಪುನೇರಳೆ ಪಕ್ಕದಲ್ಲಿದ್ದರೆ ಹೀಗೆ ಹೇಳಿ ಹೊಡೆಯುವುದು ನಮ್ಮ ಕಡೆಯ ಪದ್ಧತಿ. ಇಲ್ಲ ಎಂದೆ.

ಸೋಮವಾರ ಬೆಳಿಗ್ಗೆ ಹುಳುಗಳು ಮೇವು ಬಿಟ್ಟವು. ಸಂಜೆಗೆ ಹಸಿರು ನೀರು ಕಕ್ಕಿ, ಮೆತ್ತಗಾಗಿ, ಸಾಯತೊಡಗಿದವು. ಆವುಲಪ್ಪ ಡಬ್ಬ ಹೊತ್ತು ಬಂದಿದ್ದನ್ನು ಯಾರೋ ಬಾವನಿಗೆ ಹೇಳಿದರು. ಬಾವ ಹೋಗಿ ಅವನ ಅಂಗಿ ಹಿಡಿದು, ನಿನ್ ಟಮಾಟೊ ಕೆಂಪಾಗ್ಲಿ ಅಂತ ನಮ್ ಹುಳ ಕಪ್ಪಾಗ್ಬೇಕೇನೋ ಎಂದು ಕೇಳಿದರು. ಆವುಲಪ್ಪ, ನಾನ್ ಹೊಡೀಲೇ ಇಲ್ಲಪ್ಪಾ, ನಿನ್ ಬಾಮೈದನ್ನೇ ಕೇಳು, ಎದುರಿಗೇ ಇದ್ದ ಎಂದ. ಬಾವ ದೂರು ಕೊಟ್ಟರು. ಆವುಲಪ್ಪ ಬೆಳಿಗ್ಗೆಯಿಂದ ಠಾಣೆಯ ಹೊರಗೆ ಕುಳಿತಿದ್ದಾನೆ, ಬಾವನೂ ಅಲ್ಲೇ ಇದ್ದಾರೆ.

ಅವನು ಬಂದದ್ದು ನಿಜ, ಡಬ್ಬ ಇದ್ದದ್ದು ನಿಜ. ಆಮೇಲೆ ಹೊಡೆದನೋ ಬಿಟ್ಟನೋ, ನಾನು ಪರದೆ ನೋಡುತ್ತಿದ್ದೆ, ಕಂಡಿಲ್ಲ. ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ.

ಸ್ಥಳ: ಶಿಡ್ಲಘಟ್ಟ
ದಿನಾಂಕ: 23-04-2025

ಸಾಹೇಬರೇ, ಸಹಿಗೆ ಮೊದಲು ಇನ್ನಷ್ಟು ಬರೆದುಕೊಳ್ಳಿ. ಕಂಡಿದ್ದೇನೆ. ಹುಳ ಗೂಡಿಗ್ ಹೋದ್ಮೇಲೆ ಹೊಡೀತೀನಿ ಬಿಡಣ್ಣ ಎಂದು ಆವುಲಪ್ಪ ತುಂಬಿದ ಡಬ್ಬವನ್ನು ಹಾಗೇ ಹೊತ್ತುಕೊಂಡು ವಾಪಸ್ಸು ಹೋದ. ಕೂಲರ್ ಶುರುವಾದಾಗಲೆಲ್ಲ ಕರೆಂಟು ಕುಗ್ಗಿ ನನ್ನ ಪರೀಕ್ಷೆ ಕೆಡುತ್ತಿತ್ತು. 11-30ಕ್ಕೆ ಕೂಲರಿನ ಪ್ಲಗ್ಗು ಕಿತ್ತವನು ನಾನು. 4-30ಕ್ಕೆ ಮತ್ತೆ ಹಾಕಿದಾಗ ಹುಳುಮನೆ 37 ಡಿಗ್ರಿ ಇತ್ತು. ಅಷ್ಟು ಹೊತ್ತೂ ನಾನು ನೋಡಿದ್ದು ಪ್ರೊಸೆಸರಿನ ಬಿಸಿಯನ್ನು ಮಾತ್ರ. ಪರೀಕ್ಷೆ ಪಾಸಾಯಿತು. ಹುಳ ಕೊಂದದ್ದು ನಾನು. ಅವನನ್ನು ಮನೆಗೆ ಕಳಿಸಿ, ಬಾವನನ್ನು ಒಳಗೆ ಕರೆಯಿರಿ.

(ಸಹಿ) ಚನ್ನಕೇಶವ