ಖಾಲಿ ಬುಟ್ಟಿದ್ದ ನಾಕನೇ ಚಾನಲ್ಲು

ಹರದನಳ್ಳಿ ದಾರೀಲಿ ಬಾವಿ ಪಕ್ಕ ಒಂದು ಆಲದ ಮರ ಅದೆ. ಅದ್ರ ನೆಳ್ಳಲ್ಲಿ ಹತ್ತು ಲಾರಿ ನಿಲ್ಲುಸ್ಬೋದು... ಇಪ್ಪತ್ತು ಅಂತ್ಲೇ ಇಟ್ಕಳಿ. ತೊಂಬತ್ತಾರನೇ ಇಸ್ವೀಲಿ ನಮ್ಮ ಚಿಕ್ಕಪ್ಪನ ಮಗ ಮಲ್ಲೇಶ ಕರಿಕಲ್ಲು ಕ್ವಾರೀಲಿ ಕೆಲ್ಸ ಮುಗಿಸ್ಕಂಡು, ರಾತ್ರಿ ಒಬ್ನೇ ಆ ಮರದ ತಾವ್ಲೇ ನಡ್ಕಂಡು ಬತ್ತಿದ್ದ. ಕೈಲಿ ವಾಕಿಟಾಕಿ ಸೆಟ್ಟು.

ಮಲ್ಲೇಶ ಗುಂಡ್ಲುಪೇಟೇಲಿ ರೇಡಿಯೊ ರಿಪೇರಿ ಕಲ್ತೋನು. ಆ ಕ್ವಾರೀಲಿ ಮೂರು ಗುಂಡಿ, ಮೂರ್ಕೂ ಒಂದೇ ಚಾನಲ್ಲು. ಈ ಗುಂಡಿ ಮಾತು ಆ ಗುಂಡಿಯೋರ ಕಿವಿಗೆ. ಅದ್ರ ಮ್ಯಾಲೆ ಅಲ್ಲಿ ಜನ, ಕತ್ಲಾದ್ರೆ ಮೂರನೇ ಕೂಗಿಗೇ ಓ ಅನ್ನೋದು. ದೆವ್ವ ಆದ್ರೆ ಒಂದೇ ಸಲ ಕೂಗ್ತದಂತೆ. ಮೂರ್ ಮೂರ್ ಸಲ ಕೂಗಿ, ಒಬ್ರ ಮಾತಿನ ಮ್ಯಾಲೆ ಒಬ್ರ ಮಾತು ಬಿದ್ದು, ಬರೀ ಗೊರಗೊರ.

ಆ ಗೊರಗೊರದಲ್ಲೇ ಒಂದು ಗುಂಡೀಲಿ ಕೆಲ್ಸಕ್ಕಿದ್ದ ಪುಟ್ಟಬಸಪ್ಪ ಸತ್ತಿದ್ದು. ಅತ್ಲಾಗಿನ ಗುಂಡಿಯೋರು ಬಂಡೆಗಿಟ್ಟ ಮದ್ದು ಸಿಡೀತು, ಎದ್ದು ಬನ್ನಿ ಅಂದದ್ದು ತನಗೇ ಅಂದ್ಕಂಡು ಮರೆಯಿಂದ ಎದ್ದು ಬಂದ. ಅವನ ಗುಂಡೀದು ಇನ್ನೂ ಸಿಡ್ದಿರ್ನಿಲ್ಲ. ಹೆಣ ಸಿಕ್ತು. ಚಪ್ಪಲಿ ಸಿಗ್ನಿಲ್ಲ.

ಅದಾದ್ಮೇಲೆ ಕ್ವಾರಿ ಧಣಿ ಮಲ್ಲೇಶನ್ನ ಕರ್ಸುದ್ರು. ಅವನು ಮೂರು ಗುಂಡಿಗೂ ಒಂದು, ಮೂರು, ಐದನೇ ಚಾನಲ್ಲು ಹಂಚ್ದ. ಎರಡು, ನಾಕು ಖಾಲಿ... ಹೊಲದ ನಡುವೆ ಬದು ಬುಟ್ಟಂಗೆ. ಒಬ್ರ ಮಾತು ಒಬ್ರಿಗೆ ಸೋರ್ಬಾರ್ದು ಅಂತ. ಜೊತೇಗೆ, ಇನ್ಮೇಲೆ ಮೊದಲ್ನೇ ಕೂಗಿಗೇ ಓ ಅನ್ಬೇಕು ಅಂತ ರೂಲು ಮಾಡ್ದ. ಐದನೇ ಚಾನಲ್ಲಿನ ಗುಂಡಿ ಕಾಯ್ತಿದ್ದ ಮುದುಕ ಚಿಕ್ಕಮಲ್ಲಪ್ಪ ಒಬ್ಬ ಬ್ಯಾಡ ಕಣಪ್ಪ ಅಂತ ಗೊಣಗ್ದ. ಮಲ್ಲೇಶ ನಕ್ಬುಟ್ಟ.

ಆ ರಾತ್ರಿ ಮಾತು ಸೋರ್ತದಾ ಇಲ್ವಾ ನೋಡನ ಅಂತ ಸೆಟ್ಟನ್ನ ನಾಕಕ್ಕೆ ತಿರುಗ್ಸಿ ಕಿವಿಗಿಟ್ಕಂಡಿದ್ದ. ಸುಯ್ಯ್... ಅಂತಿತ್ತು. ಆಲದ ಮರದ ತಾವು ಬರೋ ಹೊತ್ಗೆ ಅದೂ ನಿಂತೋಯ್ತು. ಬಾವಿ ಒಳಗೆ ತಟುಕ್... ತಟುಕ್... ಸೆಟ್ಟು ಕಟ್ ಅಂತು.

"ಮದ್ದು... ಸಿಡೀತಾ?"

ಒಂದೇ ಸಲ.

ಐದರ ಮಾತು ಇಲ್ಲಿಗೆ ಸೋರ್ತಾ ಅದೆ, ಚಿಕ್ಕಮಲ್ಲಪ್ಪ ತಮಾಷೆ ಮಾಡ್ತಾವ್ನೆ ಅಂದ್ಕಂಡ. ರೂಲು ಮಾಡ್ದೋನು ತಾನೇ ಅಲ್ವಾ, ಬಟನ್ ಒತ್ತಿ ಅಂದ್ಬುಟ್ಟ.

"ಸಿಡ್ದು ಯಾವ ಕಾಲ ಆಯ್ತು. ಎದ್ದು ಬಾ ಕಣಣ್ಣ."

ಆಮೇಲೆ ಐದಕ್ಕೆ ತಿರುಗ್ಸಿ ಮುದುಕನ್ನ ರೇಗ್ಸಕ್ಕೆ ಕೂಗ್ದ. ಅವನು ಮೂರನೇ ಸಲಕ್ಕೇ ಓ ಅಂದಿದ್ದು. ನಿದ್ದೆಗಣ್ಣು. ಯಾಕ್ ಕೂಗ್ದೆ ಅಂದ್ರೆ, ನಾನ್ ಕೂಗೇ ಇಲ್ವಲ್ಲ, ಏನ್ ಕೇಳ್ತು ನಿಂಗೆ ಅಂದ. ಮಲ್ಲೇಶ ಹೇಳ್ದ. ಮುದುಕನ ನಿದ್ದೆ ಹಾರೋಯ್ತು.

"ನೀನ್ ಏನಂದೆ?"

"ಬಾ ಅಂದೆ."

"ಅದೊಂದ್ ಮಾತ್ಗೇ ಕಾಯ್ಕಂಡು ಕುಂತಿದ್ದ ಕಣ್ಲಾ ಅವನು," ಮುದುಕ ಪಿಸುಗುಟ್ದ. "ಓಡ್ಲಾ."

ಹಿಂದ್ಗಡೆ ಜಲ್ಲಿ ಮ್ಯಾಲೆ ಚಟ್... ಕಿರ್... ಚಟ್... ಕಿರ್... ಚಪ್ಪಲಿಗೆ ತಂತಿ ಕಟ್ಟಿದ್ರೆ ನೆಲ ಕೆರೀತದಲ್ಲ, ಅಂಗೆ. ಮಲ್ಲೇಶ ಸೆಟ್ಟಿನ ಬ್ಯಾಟ್ರಿ ಕಿತ್ತು ಜೇಬಿಗೆ ತುರುಕ್ದ. ಬ್ಯಾಟ್ರಿ ಇಲ್ದಿರೋ ಸೆಟ್ಟು ಮಾತಾಡ್ತು.

"ಯಾವ ಕಡೆ ಬರ್ಲಿ?"

ಸೆಟ್ಟನ್ನ ಬಾವಿಗೆಸ್ದ. ಗುಳುಮ್. ಕಿತ್ತ ನೋಡಿ ಓಟ... ಆವತ್ತು ಪುಣಜನೂರು ಬಸ್ಸು ಅವನ ಹಿಂದೆ ಬಿದ್ದೋಯ್ತು ಅಂತ ಊರೋರೆಲ್ಲ ಅಂತಾರೆ. ಸರಿ, ನಾನೊಬ್ನೇ ಅನ್ನೋದು. ಮನೆಗೆ ನುಗ್ಗಿ ಅಗುಳಿ ಹಾಕ್ದ. ಹೆಂಡ್ತಿ ಪವಿತ್ರ ಏನಾಯ್ತು ಅಂದ್ರೆ ಬಾಗ್ಲಿಗೆ ಬೆನ್ನು ಕೊಟ್ಟು ನಿಂತ್ಕಂಡ.

ಚಟ್... ಕಿರ್... ಬೀದೀಲಿ. ಚಟ್... ಜಗಲೀಲಿ. ನಿಂತ್ಕತು.

ಬಾಗ್ಲಾಚೆಯಿಂದ ಮಲ್ಲೇಶನ ಹೆಸರು ಕೂಗ್ತು. ಮೆತ್ತಗೆ. ಒಂದೇ ಸಲ. ಅವನ ಬಾಯಿ ತಾನಾಗೇ ಓ ಅನ್ನಕ್ಕೆ ತೆರ್ಕತಂತೆ. ಪವಿತ್ರ ಗಬಕ್ಕನೆ ಎರಡೂ ಕೈಲಿ ಮುಚ್ಚಿದ್ಲು. ಕೋಳಿ ಕೂಗೋಗಂಟ ಕೈ ತೆಗೀನಿಲ್ಲ.

ಬೆಳಿಗ್ಗೆ ಜಗಲಿ ಮ್ಯಾಲೆ ಒಂದು ಜೊತೆ ಹವಾಯಿ ಚಪ್ಪಲಿ. ಮೈಯೆಲ್ಲ ಕಲ್ಲುಧೂಳು. ಎಡಗಾಲಿಂದ್ರ ಪಟ್ಟಿ ಕಿತ್ತೋಗಿ, ಮದ್ದು ಸಿಡ್ಸೋ ವೈರಲ್ಲಿ ಬಿಗ್ದಿತ್ತು. ಪುಟ್ಟಬಸಪ್ಪನ ಹೆಂಡ್ತಿ ದೊಡ್ಡಮಲ್ಲಮ್ಮ ಬಂದು ನೋಡುದ್ಲು. ಆ ಗಂಟು ನಾನೇ ಹಾಕಿದ್ದು ಅಂದ್ಲು.

ಬಸ್ಸಿಂದು ಬೇಕಾದ್ರೆ ಬುಡಿ. ಚಪ್ಪಲಿ ದಿಟ ಕಣ್ರಪ್ಪ, ಈ ಕಣ್ಣಲ್ಲಿ ಕಂಡಿವ್ನಿ. ಎರಡೂ ಜೋಡ್ಸಿಟ್ಟಿತ್ತು. ಮೂತಿ ಬಾಗ್ಲ ಕಡೆಗೆ... ಒಳಕ್ಕೆ ಹೋದೋರು ಬುಟ್ಟೋಗಿರೋ ಹಂಗೆ.