ಆರ್ನ್‌ತ್ವೇಟ್ ಮನೆತನದ ಮೂರನೆಯ ಹೆಸರು

ಅಧ್ಯಕ್ಷ ಪೀಠದಲ್ಲಿರುವ ವಿಷ್ಣುತೀರ್ಥಾಚಾರ್ಯರೇ, ಇಂಗ್ಲೆಂಡಿನಿಂದ ಬಂದು ನಾಳೆ ಹೊರಡಲಿರುವ ಎಡ್ವಿನ್ ಆರ್ನ್‌ತ್ವೇಟ್ ಅವರೇ, ಇಂದು ಶಾಲು ಹೊದೆಯಲಿರುವ ನಮ್ಮ ಗಣಪತಿ ಆರ್ನ್‌ತ್ವೇಟ್ ಅವರೇ, ಶಿವಾಲ ಮತ್ತು ಹನುಮಾನ್ ಘಾಟಿನ ತಾಯಂದಿರೇ, ಊಟ ಇದೆಯೆಂದು ಖಾತ್ರಿ ಮಾಡಿಕೊಂಡೇ ಬಂದಿರುವ ಸಭಿಕರೇ,

ಕನ್ನಡ ಸಂಘದ ಖಜಾಂಚಿಯ ಕೈಗೆ ಮೈಕು ಕೊಟ್ಟರೆ ಅವನು ಖರ್ಚಿನಿಂದಲೇ ಶುರು ಮಾಡುತ್ತಾನೆ. ಈ ವ್ಯವಹಾರಕ್ಕೆ ತಗಲಿದ್ದು ಇಷ್ಟು: ಉಗುಳು ಹಿಡಿಯುವ ಸೀಸೆ ಮೂರು. ಅದರಲ್ಲಿ ಒಂದು ಕೆಟ್ಟಿತು, ಒಂದು ಕೆಲಸಕ್ಕೆ ಬಂತು, ಒಂದು ಉಳಿಯಿತು. ವಿದೇಶಕ್ಕೆ ಕೊರಿಯರ್ ಎರಡು ಸಲ. ಗಣಪತಿಯವರ ಧರ್ಮಪತ್ನಿ ಸರಸ್ವತಮ್ಮನವರಿಗೆ ಹೊತ್ತಲ್ಲದ ಹೊತ್ತಿನ ಸ್ನಾನಗಳು, ಅವಕ್ಕೆ ರಸೀದಿ ಇಲ್ಲ. ಶಾಲು ಒಂದು, ಎರಡು ಕೊಂಡರೆ ಅಗ್ಗ ಎಂದು ಅಂಗಡಿಯವನು ಹೇಳಿದ, ನಾನು ಒಂದೇ ಕೊಂಡೆ. ಈ ಸಭಾಂಗಣಕ್ಕೆ ಮಠದವರು ಬಾಡಿಗೆ ತೆಗೆದುಕೊಂಡಿಲ್ಲ. ಒಟ್ಟು ಕೂಡಿಸಿದರೆ ಒಂದು ಸಾಧಾರಣ ಬನಾರಸ್ ಸೀರೆಯ ಬೆಲೆ. ಇಷ್ಟು ಕೊಟ್ಟು ನಾವು ಸಂಪಾದಿಸಿದ್ದೇನು? ಒಂದು ಹೆಸರು. ಅದೂ ಸತ್ತವನದು.

ನಮ್ಮ ಬನಾರಸ್ಸಿನ ಲಂಕಾ ಬಡಾವಣೆಯಲ್ಲಿ ವಿಶ್ವವಿದ್ಯಾಲಯದ ಗೇಟಿನೆದುರು ಗಣಪತಣ್ಣನ ಪುಸ್ತಕದಂಗಡಿ ಯಾರಿಗೆ ಗೊತ್ತಿಲ್ಲ? ಬೋರ್ಡಿನ ಮೇಲೆ ಆರ್ನ್‌ತ್ವೇಟ್ ಎಂದಿದೆ, ರಿಕ್ಷಾದವರು ಅರ್ನೇಟ್ ಬಾಬು ಅನ್ನುತ್ತಾರೆ. ಜುಟ್ಟು, ಜನಿವಾರ, ಮನೆಯಲ್ಲಿ ಕನ್ನಡ, ಹೆಸರು ಮಾತ್ರ ಸಾಹೇಬರದು. ಇದರ ಕಥೆ ಹಳಬರಿಗೆ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ನೂರು ವರ್ಷಕ್ಕೂ ಹಿಂದೆ ದೊಡ್ಡ ಜ್ವರ ಬಂದಾಗ ಧಾರವಾಡದ ಕಡೆಯ ಯಾತ್ರಿಕ ದಂಪತಿ ಹನುಮಾನ್ ಘಾಟಿನ ಛತ್ರದಲ್ಲಿ ತೀರಿಕೊಂಡರು. ಎರಡು ವರ್ಷದ ಗಂಡು ಮಗು ಉಳಿಯಿತು. ರೈಲ್ವೆ ಕಚೇರಿಯ ಗುಮಾಸ್ತ ಆರ್ಥರ್ ಆರ್ನ್‌ತ್ವೇಟ್, ಮದುವೆಯಾಗದ ಮನುಷ್ಯ, ಆ ಮಗುವನ್ನು ಎತ್ತಿಕೊಂಡ. ಮಗು ಅವನ ಬಂಗಲೆಯ ಊಟ ಮುಟ್ಟಲಿಲ್ಲ. ಆಗ ಅವನು ಮಗುವನ್ನು ಊಟಕ್ಕೂ ನಿದ್ದೆಗೂ ಹನುಮಾನ್ ಘಾಟಿನ ಒಂದು ಕನ್ನಡ ಮನೆಯಲ್ಲಿ ಬಿಟ್ಟು, ದಿನಾ ಸಂಜೆ ಬಂದು ಜಗಲಿಯ ಮೇಲೆ ಕೂತು ನೋಡಿಕೊಂಡು ಹೋಗುತ್ತಿದ್ದ. ಶಾಲೆಗೆ ಸೇರಿಸುವಾಗ ತನ್ನ ಹೆಸರು ಕೊಟ್ಟ. ಆ ಮಗುವೇ ಗೋಪಾಲಕೃಷ್ಣ ಆರ್ನ್‌ತ್ವೇಟ್, ಗಣಪತಣ್ಣನ ತಂದೆ. ಉಪನಯನ ಮಾಡುವಾಗ ಗೋತ್ರ ಯಾವುದೆಂಬ ಪ್ರಶ್ನೆ ಬಂತು. ನಮ್ಮ ಅಧ್ಯಕ್ಷರ ತಾತ, ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಇದ್ದೇ ಇದೆ ಎಂದು ಹೇಳಿ ಕೆಲಸ ಮುಗಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಆರ್ಥರ್ ಊರಿಗೆ ಹೋಗಲಿಲ್ಲ. ಇಲ್ಲೇ ಮಣ್ಣಾದ.

ಇನ್ನು ಅಸಲು ವಿಷಯ. ನಮ್ಮ ಕಡೆ ತರ್ಪಣದ ಪದ್ಧತಿ ಇಲ್ಲ, ಹೊರಗಿನವನಾಗಿ ಹೇಳುತ್ತಿದ್ದೇನೆ, ತಪ್ಪಿದ್ದರೆ ಆಚಾರ್ಯರು ತಿದ್ದಬೇಕು. ಪಿತೃಪಕ್ಷದಲ್ಲಿ ಎಳ್ಳುನೀರು ಬಿಡುವಾಗ ಮೂರು ಹೆಸರು ಬೇಕು: ಅಪ್ಪ, ಅಜ್ಜ, ಮುತ್ತಜ್ಜ. ಗಣಪತಣ್ಣ ಪ್ರತಿ ವರ್ಷ ಗೋಪಾಲಕೃಷ್ಣ ಎನ್ನುತ್ತಿದ್ದರು, ಆರ್ಥರ್ ಎನ್ನುತ್ತಿದ್ದರು, ಮೂರನೆಯದಕ್ಕೆ ನಿಲ್ಲುತ್ತಿದ್ದರು. ಆರ್ಥರನ ಅಪ್ಪ ಯಾರು? ಆಚಾರ್ಯರು ವಿಷ್ಣುವಿನ ಹೆಸರು ಹೇಳಿಸಿ ದಾಟಿಸುತ್ತಿದ್ದರು. ಶಾಸ್ತ್ರಕ್ಕೆ ಅಷ್ಟು ಸಾಕು. ಗಣಪತಣ್ಣನಿಗೆ ಸಾಲಲಿಲ್ಲ.

ಅವರ ಮೊಮ್ಮಗಳು ಪ್ರಿಯಂವದಾ ಕಂಪ್ಯೂಟರಿನಲ್ಲಿ ಹುಡುಕಿದಾಗ ಗೊತ್ತಾಯಿತು, ಈ ಅಡ್ಡಹೆಸರಿಗೇ ಇಂಗ್ಲೆಂಡಿನಲ್ಲಿ ಒಂದು ಸಂಘವಿದೆ, ಅದಕ್ಕೆ ಕಾರ್ಯದರ್ಶಿಗಳೂ ಇದ್ದಾರೆ. ಅವರೇ ಇಲ್ಲಿ ಕೂತಿರುವ ಎಡ್ವಿನ್ ಸಾಹೇಬರು. ಅವರು ಹೇಳುವ ಪ್ರಕಾರ ಆರ್ನ್‌ತ್ವೇಟ್ ಎಂದರೆ ಹದ್ದುಗಳಿದ್ದ ಕಾಡನ್ನು ಕಡಿದು ಮಾಡಿದ ಬಯಲು. ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಬಂದ ಉತ್ತರದ ಜನ ಆ ಬಯಲಿಗೆ ಇಟ್ಟ ಹೆಸರು, ಆಮೇಲೆ ಅಲ್ಲಿ ಉತ್ತವರಿಗೂ ಅಂಟಿಕೊಂಡಿತು. ನೂರೈವತ್ತು ವರ್ಷದ ಹಿಂದಿನ ಜನಗಣತಿಯಲ್ಲಿ ಆ ಹೆಸರಿನವರು ಬಹುಪಾಲು ಎರಡೇ ಜಿಲ್ಲೆಗಳಲ್ಲಿ, ಕುರಿ ಮತ್ತು ಕಲ್ಲುಗಳ ನಡುವೆ ಇದ್ದರು. ಈಗ ಲೋಕದಲ್ಲೆಲ್ಲ ಸೇರಿಸಿದರೆ ಮುನ್ನೂರಕ್ಕೆ ಸ್ವಲ್ಪ ಹೆಚ್ಚು. ಒಂದಷ್ಟು ಕೆನಡಾ, ಒಂದಷ್ಟು ಆಸ್ಟ್ರೇಲಿಯಾ, ಮತ್ತು ಶಿವಾಲದ ಗಲ್ಲಿಯಲ್ಲಿ ಒಂದು ಮನೆ. ನಮ್ಮ ಸಂಘದ ಸದಸ್ಯರಿಗಿಂತ ಅವರೇ ಜಾಸ್ತಿ. ಚಂದಾ ಸರಿಯಾಗಿ ಕೊಡುತ್ತಾರೋ ಇಲ್ಲವೋ ಕೇಳಿಲ್ಲ.

ಗಣಪತಣ್ಣ ಕಾಗದ ಬರೆಸಿದರು: ಆರ್ಥರನ ಅಪ್ಪನ ಹೆಸರು ಬೇಕು. ಆ ಕಾಲಕ್ಕೆ ಮೂವರು ಆರ್ಥರ್‌ಗಳಿದ್ದರಂತೆ. ಯಾರು ಯಾರ ಮಗ ಎಂಬುದನ್ನು ಸಂಘದವರು ವಂಶಸ್ಥರಿಗೆ ಮಾತ್ರ ಹೇಳುತ್ತಾರೆ, ವಂಶಸ್ಥರೆಂದು ಗೊತ್ತಾಗಲು ಉಗುಳು ಕಳಿಸಬೇಕು. ತಂದೆಯಿಂದ ಮಗನಿಗೆ ಅಡ್ಡಹೆಸರು ಇಳಿಯುವ ಹಾಗೆ ಗಂಡಸರ ರಕ್ತದಲ್ಲಿ ಒಂದು ಗುರುತೂ ಇಳಿಯುತ್ತದೆ, ಎರಡನ್ನೂ ತಾಳೆ ನೋಡುತ್ತಾರೆ. ಗಣಪತಣ್ಣ ನನ್ನ ಲಾಡ್ಜಿಗೆ ಬಂದು ಕೂತರು. ಚಹಾ ಆರಿಹೋಯಿತು.

“ದಾನಯ್ಯ, ಅಲ್ಲ ಅಂತ ಬರೋದು ಗೊತ್ತೇ ಇದೆ. ಬಂದ್ರೆ ಹೆಸರು ಕೊಡೋಲ್ಲ. ಇನ್ನೆಷ್ಟು ಪಿತೃಪಕ್ಷ ಸಿಗ್ತಾವಪ್ಪ ನನಗೆ?”

ಗೊತ್ತಿದ್ದೂ ಉಗುಳು ಕಳಿಸುವವರು ಎಷ್ಟು ಜನ, ನೀವೇ ಹೇಳಿ. ಅವರು ಕಳಿಸಲು ಒಪ್ಪಿದರು. ಸೀಸೆಗಳನ್ನು ನಾನೇ ತರಿಸಿದೆ. ಒಪ್ಪದವರು ಸರಸ್ವತಮ್ಮ.

“ಅಲ್ಲ ದಾನಯ್ಯ, ಎಂಜಲನ್ನ ಡಾಕಿನಲ್ಲಿ ಕಳಿಸ್ತಾರೇನು? ಆ ಡಾಕಿಯಾ ಪಾಪ ಏನು ತಪ್ಪು ಮಾಡಿದಾನೆ?”

ಸೀಸೆಯನ್ನು ದೇವರ ಮನೆಯಿಂದ ದೂರ, ಅಡುಗೆ ಮನೆಯಿಂದ ದೂರ, ಕೊನೆಗೆ ಚಪ್ಪಲಿ ಬಿಡುವ ಮೂಲೆಯಲ್ಲಿ ಇಡಿಸಿದರು. ಆದರೂ ಮನಸ್ಸು ತಡೆಯಲಿಲ್ಲ. ಬೇರೆಯವರ ದೇಶಕ್ಕೆ ಮೈಲಿಗೆ ಕಳಿಸುವುದು ಹೇಗೆಂದು, ಯಾರಿಗೂ ಹೇಳದೆ ಒಂದು ಉದ್ಧರಣೆ ಗಂಗಾಜಲ ಅದರೊಳಗೆ ಬಿಟ್ಟು ಮುಚ್ಚಳ ಹಾಕಿದರು. ಆರು ವಾರದ ಮೇಲೆ ಉತ್ತರ ಬಂತು: ಈ ಸೀಸೆಯಲ್ಲಿರುವುದು ಒಬ್ಬ ಮನುಷ್ಯನಲ್ಲ, ಲೆಕ್ಕವಿಲ್ಲದಷ್ಟು ಜೀವಿಗಳು, ದಯವಿಟ್ಟು ಮತ್ತೆ ಕಳಿಸಿ. ಸರಸ್ವತಮ್ಮ ಅದನ್ನು ಕೇಳಿ, ಗಂಗೆ ಬಿದ್ದರೆ ಕೆಟ್ಟುಹೋಗುವುದು ಎಂಥ ಪರೀಕ್ಷೆಯೋ ಎಂದು ಸೊಪ್ಪು ಸೋಸಲು ಕೂತರು. ಎರಡನೆಯ ಸೀಸೆಯನ್ನು ನಾನೇ ಎದುರಿಗೆ ನಿಂತು ಮುಚ್ಚಿಸಿದೆ.

ಮೂರನೆಯದನ್ನು ನೀನೇ ಬಳಸಿಕೋ ಮಾಮ ಎಂದು ಪ್ರಿಯಂವದಾ ಹೇಳಿದಳು. ನನಗೇಕೆ? ನಾನು ಮಠದಲ್ಲಿ ಬೆಳೆದವನು. ಗದಗಿನ ಕಡೆಯ ಯಾತ್ರೆ ಬಸ್ಸಿನವರು ಮಗುವಾಗಿದ್ದ ನನ್ನನ್ನು ಅಲ್ಲಿ ಬಿಟ್ಟುಹೋದರಂತೆ, ವಾಪಸು ಹೋಗುವಾಗ ಕರೆದುಕೊಂಡು ಹೋಗುತ್ತೇವೆ ಎಂದಿದ್ದರಂತೆ. ಮಠದಲ್ಲಿ ಅನ್ನಕ್ಕೂ ಅಕ್ಷರಕ್ಕೂ ಕೊರತೆಯಾಗಲಿಲ್ಲ, ತಂದೆಯ ಹೆಸರಿನ ಜಾಗದಲ್ಲಿ ಗುರುಗಳ ಹೆಸರು ಬರೆದೇ ಲಾಡ್ಜಿನ ಲೈಸೆನ್ಸ್ ತನಕ ಬಂದಿದ್ದೇನೆ. ಯಾರ ಮೇಲೂ ದೂರಿಲ್ಲ. ಇವತ್ತಿಗೂ ಗದಗಿನ ಬಸ್ಸು ಬಂದರೆ ಹುಡುಗರನ್ನು ಕಳಿಸದೆ ನಾನೇ ಕೆಳಗಿಳಿದು ಬಾಗಿಲಲ್ಲಿ ನಿಲ್ಲುತ್ತೇನೆ, ವ್ಯಾಪಾರವೆಂದರೆ ಹಾಗೇ ಇರಬೇಕು. ಸೀಸೆ ಮೇಜಿನ ಡ್ರಾಯರಿನಲ್ಲಿದೆ. ಕಾರ್ತಿಕದಿಂದ ಪುರುಸೊತ್ತಾಗಿಲ್ಲ. ಇರಲಿ, ವಿಷಯಕ್ಕೆ ಬರೋಣ.

ಫಲಿತಾಂಶ ಕಾಗದದಲ್ಲಿ ಬರಲಿಲ್ಲ. ಎಡ್ವಿನ್ ಸಾಹೇಬರೇ ಬಂದರು, ಸರಿಯಾಗಿ ಪಿತೃಪಕ್ಷದ ಹೊತ್ತಿಗೆ. ನನ್ನ ಲಾಡ್ಜಿನಲ್ಲಿ ಇಳಿದರು. ಮರುದಿನ ಬೆಳಿಗ್ಗೆ ಹನುಮಾನ್ ಘಾಟಿನ ಮೆಟ್ಟಿಲ ಮೇಲೆ ಗಣಪತಣ್ಣ ದರ್ಭೆ ಹಿಡಿದು ಕೂತಿದ್ದರು, ಆಚಾರ್ಯರು ಎದುರಿಗಿದ್ದರು, ಸಾಹೇಬರು ಪಕ್ಕದಲ್ಲಿ ನಿಂತು ಹೇಳಿದ್ದನ್ನು ಪ್ರಿಯಂವದಾ ಕನ್ನಡಕ್ಕೆ ತಿರುಗಿಸಿದಳು. ಗುರುತು ತಾಳೆಯಾಗಿಲ್ಲ. ರಕ್ತದಲ್ಲಿ ಗಣಪತಿಯವರು ಆರ್ನ್‌ತ್ವೇಟ್ ಅಲ್ಲ.

ಗಣಪತಣ್ಣ ತಲೆಯೆತ್ತಲಿಲ್ಲ. “ರಕ್ತದ ಮಾತು ನಾನು ಕೇಳಲಿಲ್ಲ. ನೀರು ಬಿಡೋಕೆ ಒಂದು ಹೆಸರು ಕೇಳಿದೆ. ಕೊಡೋಕಾಗದಿದ್ರೆ ಬೇಡ, ಹೊತ್ತಾಗ್ತಿದೆ.”

ಆಮೇಲೆ ಸಾಹೇಬರು ಹೇಳಿದ್ದನ್ನು ಅವರ ಅಪ್ಪಣೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ. ಅವರ ಸಂಘದಲ್ಲಿ ಪರೀಕ್ಷೆ ಮಾಡಿಸಿಕೊಂಡ ಗಂಡಸರಲ್ಲಿ ಅರ್ಧಕ್ಕೂ ಕಡಿಮೆ ಜನರ ಗುರುತು ಒಂದೇ ಆಗಿದೆ. ಉಳಿದವರದು ನಾಲ್ಕೈದು ಬಗೆ. ಮಲತಂದೆಯ ಹೆಸರು ಹೊತ್ತವರು, ಜಮೀನಿಗಾಗಿ ಮಾವನ ಹೆಸರು ಪಡೆದವರು, ಯಜಮಾನನ ಹೆಸರಿನಲ್ಲೇ ಕರೆಸಿಕೊಂಡ ಆಳುಗಳು. ಆ ಉಳಿದವರಲ್ಲಿ ಸ್ವತಃ ಕಾರ್ಯದರ್ಶಿಗಳೂ ಒಬ್ಬರು. ಮೂವತ್ತು ವರ್ಷ ಆ ಹೆಸರಿನ ಚರಿತ್ರೆ ಬರೆದ ಮನುಷ್ಯನ ರಕ್ತದಲ್ಲಿ ಆ ಗುರುತಿಲ್ಲ. ಕಾರಣ ಹುಡುಕುತ್ತ ಹೋದರೆ ಅವರ ಮುತ್ತಜ್ಜ ಸಿಕ್ಕಿದ. ಅನಾಥಾಲಯದಿಂದ ಒಂದು ಆರ್ನ್‌ತ್ವೇಟ್ ಮನೆಯವರು ಕರೆತಂದು ತಮ್ಮ ಹೆಸರು ಕೊಟ್ಟು ಸಾಕಿದ ಹುಡುಗ. ಗಾರೆಯಿಲ್ಲದೆ ಕಲ್ಲಿನ ಗೋಡೆ ಕಟ್ಟುವ ಕೆಲಸ ಕಲಿತ. ಅವನಿಗೆ ಇಬ್ಬರು ಮಕ್ಕಳು. ಹಿರಿಯವನ ಮೊಮ್ಮಗ ಎಡ್ವಿನ್. ಕಿರಿಯವನು ರೈಲ್ವೆ ಕೆಲಸ ಹಿಡಿದು ಭಾರತಕ್ಕೆ ಬಂದ, ಅವನೇ ಆರ್ಥರ್.

“ಆರ್ಥರನ ಅಪ್ಪನ, ಆ ಗೋಡೆ ಕಟ್ಟುವವನ ಹೆಸರು ಜೋಸೆಫ್,” ಎಂದರು ಸಾಹೇಬರು. “ನನಗೆ ಹೆಸರು ಬಂದ ದಾರಿಯಲ್ಲೇ ನಿಮಗೂ ಬಂದಿದೆ.”

ದೋಣಿಯವನೊಬ್ಬ ಸವಾರಿ ಬೇಕೇ ಎಂದು ಹಿಂದಿಯಲ್ಲಿ ಕೇಳುತ್ತಲೇ ಇದ್ದ. ಗಣಪತಣ್ಣ ಹೆಸರನ್ನು ಬಾಯಲ್ಲೇ ಎರಡು ಸಲ ಹೇಳಿ ನೋಡಿಕೊಂಡರು. ಆಚಾರ್ಯರು ಪಂಚಪಾತ್ರೆಯನ್ನು ಸರಿಸಿ ಜಾಗ ಮಾಡಿ ಪ್ರಿಯಂವದಾಗೆ ಹೇಳಿದ ಮಾತು ಇದು:

“ಅವರಿಗೂ ಕಾಶ್ಯಪ ಗೋತ್ರವೇ ಅಂತ ಹೇಳಮ್ಮ. ಪ್ಯಾಂಟು ಮಡಚಿಕೊಂಡು ಕೂತ್ಕೊಳ್ಳಲಿ.”

ಸಾಹೇಬರು ಕೂತರು. ಮಂತ್ರ ಬರಲಿಲ್ಲ, ನೀರು ಬಿಡಲು ಬಂತು. ಗಣಪತಣ್ಣ ಅಪ್ಪನ ಹೆಸರು ಹೇಳಿದರು, ಅಜ್ಜನ ಹೆಸರು ಹೇಳಿದರು, ಮೂರನೆಯದಕ್ಕೆ ನಿಲ್ಲಲಿಲ್ಲ.

ಸಭಿಕರೇ, ಅಡುಗೆಯವರು ಬಾಗಿಲಿಂದ ಸನ್ನೆ ಮಾಡುತ್ತಿದ್ದಾರೆ. ಯಾರಿಗೆ ಏನು ಸಿಕ್ಕಿತು ಎಂಬುದನ್ನು ಹೇಳಿ ಕೂರುತ್ತೇನೆ. ಎಡ್ವಿನ್ ಸಾಹೇಬರಿಗೆ ಒಂದು ಗೋತ್ರ, ಜಗಳವಾಡಲು ಆಸ್ತಿಯಿಲ್ಲದ ಒಬ್ಬ ದಾಯಾದಿ. ಸರಸ್ವತಮ್ಮನವರಿಗೆ ಬಿಸಿಬೇಳೆ ಭಾತನ್ನು ಮೂರು ಸಲ ಬಡಿಸಿಕೊಳ್ಳುವ ಮೈದುನ. ಆಚಾರ್ಯರಿಗೆ ದಕ್ಷಿಣೆ, ಪೌಂಡಿನಲ್ಲಿ. ನನಗೆ ಹದಿನಾರು ದಿನದ ಕೋಣೆ ಬಾಡಿಗೆ. ಗಣಪತಿ ಆರ್ನ್‌ತ್ವೇಟ್ ಅವರಿಗೆ ಕೇಳಿದ್ದು ಸಿಕ್ಕಿತು. ಆರ್ಥರನಿಗೆ ಹೊಸದಾಗಿ ಏನೂ ಇಲ್ಲ, ಅವನಿಗೆ ನೀರು ಮೊದಲಿನಿಂದಲೂ ಸಲ್ಲುತ್ತಿತ್ತು. ಗೋಡೆ ಕಟ್ಟುವ ಜೋಸೆಫನಿಗೆ, ಸತ್ತು ಇಷ್ಟು ಕಾಲವಾದ ಮೇಲೆ, ಎಳ್ಳು ಬೆರೆತ ಮೂರು ಬೊಗಸೆ ನೀರು.

ಜಾಗ ಕೊಟ್ಟ ಮಠಕ್ಕೆ, ಮಾತು ತಿರುಗಿಸಿದ ಪ್ರಿಯಂವದಾಗೆ, ನಡುವೆ ಎದ್ದು ಹೋಗದ ನಿಮಗೆ ನನ್ನ ಧನ್ಯವಾದ. ಎಲ್ಲರಿಗೂ ನಮಸ್ಕಾರ.