ಹಿಟ್ಟಿನಲ್ಲಿ ಸಿಕ್ಕ ಲಾಕು

ನನ್ನ ಕಿವಿಯಾಣೆ, ಕೊಲ್ಹಾಪುರದ ಇದೇ ರೇಷನ್ ಸಾಲಿನಲ್ಲಿ ಈಗಷ್ಟೇ ನಡೆದದ್ದು ಇದು. ಶೇವಂತಾ ಸೆರಗಿನ ಗಂಟು ಬಿಚ್ಚಿ ಗಂಡ ದಿನಕರನಿಗೆ ಉಗುರಿನಷ್ಟು ತಂತಿಯುಂಗುರ ತೋರಿಸಿದಳು.

“ಏನ್ರೀ ಇದು? ಭಾಕರಿ ಹಿಟ್ಟಿನಾಗ ಸಿಕ್ತು.”

ದಿನಕರನ ಕರಿಮೀಸೆ ನಿಂತಲ್ಲೇ ಬೆಳ್ಳಗಾಯಿತು.

“ಅಯ್ಯೋ, ಪಿಸ್ಟನ್ ಪಿನ್ನಿನ ಲಾಕು!”

“ನಾ ಹಿಟ್ಟು ನಾದೋ ಪರಾತದಾಗ ಹಳೇ ಗಾಡಿ ಇಂಜಿನ್ ಕಟ್ಟಬ್ಯಾಡ್ರಿ ಅಂದಿದ್ದೆ.”

“ಇದಿಲ್ಲಂದ್ರ ಪಿನ್ ಜಾರಿ, ಓಡೋ ಗಾಡಿ ಗಾಲಿ ಗಕ್ಕನ ಹಿಡಿದುಬಿಡ್ತೈತಿ! ಗಾಡಿ ಎಲ್ಲೈತಿ?”

“ನಮ್ಮಣ್ಣ ಅವ್ವನ್ನ ಕೂರಿಸ್ಕೊಂಡು ಗುಡ್ಡಕ್ಕ ಹೊಂಟಾನ. ನಾ ಬರೂವಾಗ ಕಿಕ್ ಹೊಡೀಲಿಕ್ಕ ಕಾಲೆತ್ತಿದ್ದ.”

“ದೇವರೇ, ಚಾಲೂ ಆಗದಿರಲಿ!”

“ಒಂದ ಕಿಕ್ಕಿಗೆ ಚಾಲೂ ಆಗ್ತೈತಿ ಅಂತ ಓಣಿಗೆಲ್ಲಾ ಸಾರಿದವ್ರು ನೀವ ಅಲ್ಲೇನ್ರೀ!”

ಇಬ್ಬರೂ ಚೀಲಗಳನ್ನು ಸಾಲಿನಲ್ಲೇ ಬಿಟ್ಟು ಓಡಿದರು. ಮುಂದೇನಾಯಿತು ಎನ್ನುತ್ತೀಯಾ? ಹಾಗಾದರೆ ಅವರ ಚೀಲದ ಜೊತೆ ನನ್ನದನ್ನೂ ಕಾಯುತ್ತ ನಿಲ್ಲು, ನೋಡಿ ಬರುತ್ತೇನೆ.